ಅಪ್ಪನ ವೀಚಾಟ್ ಫೋಟೋಗಳೆಲ್ಲ ಡ್ಯಾಟ್ ಫೈಲ್ ಆಗಿ ಕೂತಿವೆ, ಜೆಪೆಗ್ ಮಾಡುವ ಸ್ಕ್ರಿಪ್ಟ್ ಬರೆಯೋದು ಹೇಗೆ?

ಇಳಕಲ್_ಮಗ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಇಳಕಲ್‌ನಲ್ಲಿ ಗ್ರಾನೈಟ್ ವ್ಯಾಪಾರ ಮಾಡುತ್ತಿದ್ದರು. ನಮ್ಮ ಕಡೆಯ ಗುಲಾಬಿ ಕಲ್ಲಿನ ಬ್ಲಾಕ್‌ಗಳು ಚೀನಾದ ಶಿಯಾಮೆನ್‌ಗೆ ಹೋಗುತ್ತಿದ್ದವು. ಅಲ್ಲಿನ ಗಿರಾಕಿಗಳ ಮಾತೆಲ್ಲ ವೀಚಾಟ್ ಎಂಬ ಚೀನಾದ ಮೆಸೇಜ್ ಆ್ಯಪ್‌ನಲ್ಲೇ. ಅಪ್ಪ ಬ್ಲಾಕ್ ಮೇಲೆ ನೀರು ಸುರಿಸಿ, ಬಣ್ಣ ಎದ್ದು ಕಾಣುವಾಗ ನಾಲ್ಕೂ ಮಗ್ಗುಲಿನ ಫೋಟೋ ತೆಗೆದು ಕಳಿಸುತ್ತಿದ್ದರು. ಬಿರುಕು ಇದ್ದರೆ ಅದರ ಸುತ್ತ ಸೀಮೆಸುಣ್ಣದಲ್ಲಿ ಗುರುತು ಮಾಡಿ ಅದನ್ನೂ ಕಳಿಸುತ್ತಿದ್ದರು. ಮುಚ್ಚಿಟ್ಟು ಮಾರಿದ್ದನ್ನು ನಾನು ನೋಡಿಲ್ಲ.

2020ರ ಜೂನ್ 29ಕ್ಕೆ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತಲ್ಲ, ಅದರಲ್ಲಿ ವೀಚಾಟ್ ಕೂಡ ಇತ್ತು. ಫೋನ್‌ನಲ್ಲಿ ಅದು ನಿಂತಿತು. ಆಮೇಲೆ ಆ ಫೋನೂ ಹೋಯಿತು. 2022ರಲ್ಲಿ ಅಪ್ಪನೂ ಹೋದರು.

ಉಳಿದಿರುವುದು ಅವರ ಲ್ಯಾಪ್‌ಟಾಪ್. ಅದರಲ್ಲಿ ವೀಚಾಟ್ ಫೈಲ್ಸ್ ಅಂತ ಒಂದು ಫೋಲ್ಡರ್ ಇದೆ. ಅದರೊಳಗೆ ಫೈಲ್‌ಸ್ಟೋರೇಜ್, ಅದರೊಳಗೆ ಇಮೇಜ್, ಅದರೊಳಗೆ 2019-03, 2019-04 ಹೀಗೆ ತಿಂಗಳಿಗೊಂದು ಫೋಲ್ಡರ್. ಒಳಗೆ ಸಾವಿರಾರು ಫೈಲ್. ಉದ್ದುದ್ದ ಅರ್ಥವಿಲ್ಲದ ಹೆಸರು, ಎಲ್ಲದರ ಕೊನೆಗೆ ಡಾಟ್ ಡ್ಯಾಟ್. ಹೆಸರು ಬದಲಿಸಿ ಜೆಪೆಗ್ ಅಂತ ಮಾಡಿ ನೋಡಿದೆ, ತೆರೆಯುವುದಿಲ್ಲ. ನಮ್ಮೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ತೋರಿಸಿದೆ. ಅವರು "ಫೈಲ್ ಕರಪ್ಟ್ ಆಗಿದೆ, ಡಿಲೀಟ್ ಮಾಡಿ" ಅಂದುಬಿಟ್ಟರು. ನನಗೆ ನಂಬಿಕೆ ಬರಲಿಲ್ಲ. ಇಷ್ಟು ಫೈಲ್ ಒಟ್ಟಿಗೆ ಹಾಳಾಗುತ್ತವಾ?

ನನಗೆ ಪೈಥಾನ್ ಸ್ವಲ್ಪ ಗೊತ್ತು. ಎಕ್ಸೆಲ್ ಲೆಕ್ಕಕ್ಕೆ ಬಳಸಿದ್ದೇನೆ ಅಷ್ಟೆ. ದಾರಿ ತೋರಿಸಿದರೆ ಸ್ಕ್ರಿಪ್ಟ್ ನಾನೇ ಬರೆಯುತ್ತೇನೆ. ಅಮ್ಮ ಒಂದು ಫೋಟೋ ಕೇಳುತ್ತಿದ್ದಾರೆ. ಅಪ್ಪ ಒಂದು ದೊಡ್ಡ ಬ್ಲಾಕ್ ಮೇಲೆ ನಿಂತಿರುವುದು. ಅದು ಈ ಫೈಲ್‌ಗಳಲ್ಲೇ ಎಲ್ಲೋ ಇದೆ ಅಂತ ಅವರ ನಂಬಿಕೆ.

ಕಾವೇರಿತೀರ

ಡಿಲೀಟ್ ಮಾಡದೆ ಇದ್ದದ್ದು ಒಳ್ಳೆಯದಾಯಿತು. ಡ್ಯಾಟ್ ಫೈಲನ್ನು ಫೋಟೋ ಮಾಡಿಕೊಡುವ ಆನ್‌ಲೈನ್ ಸೈಟ್‌ಗಳು ಇವೆ, ಒಂದೆರಡು ಫೈಲ್ ಹಾಕಿ ನೋಡಬಹುದೇನೋ.

ಬೈಟ್_ಬುತ್ತಿ

ದಯವಿಟ್ಟು ಅದು ಬೇಡ. ಅಪ್ಪನ ವ್ಯವಹಾರದ ಫೋಟೋ, ಮನೆಯವರ ಫೋಟೋ, ಯಾರದೋ ಪಾಸ್‌ಪೋರ್ಟ್ ಪ್ರತಿ, ಬ್ಯಾಂಕ್ ಚೀಟಿ ಎಲ್ಲ ಅದರಲ್ಲಿ ಇರಬಹುದು. ಅದನ್ನು ಗೊತ್ತಿಲ್ಲದವರ ಸರ್ವರ್‌ಗೆ ಏರಿಸಬಾರದು. ಅದರ ಅಗತ್ಯವೂ ಇಲ್ಲ.

ಇಳಕಲ್_ಮಗ, ಸಮಾಧಾನ ಮಾಡಿಕೊಳ್ಳಿ. ನಿಮ್ಮ ಫೈಲ್ ಹಾಳಾಗಿಲ್ಲ. ಕಂಪ್ಯೂಟರಿನ ಹಳೆಯ ವೀಚಾಟ್ ಫೋಟೋಗಳನ್ನು ಹಾಗೇ ಇಡುತ್ತಿರಲಿಲ್ಲ. ಫೈಲ್‌ನ ಪ್ರತಿ ಬೈಟನ್ನೂ (ಬೈಟ್ ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ) ಒಂದೇ ಒಂದು ಸಂಖ್ಯೆಯ ಜೊತೆ ಎಕ್ಸಾರ್ ಎಂಬ ಲೆಕ್ಕ ಮಾಡಿ ಇಡುತ್ತಿತ್ತು, ಅದನ್ನು ಆಮೇಲೆ ವಿವರಿಸುತ್ತೇನೆ. ಅದು ಬೀಗ ಅಲ್ಲ, ಬರೀ ಪರದೆ. ಫೋಟೋ ವ್ಯೂವರ್‌ನಲ್ಲಿ ಸುಮ್ನೆ ತೆರೆದುಕೊಳ್ಳಬಾರದು ಅನ್ನುವಷ್ಟಕ್ಕೆ ಸಾಕು.

ಮೊದಲು ಒಂದು ಕೆಲಸ ಮಾಡಿ. ಪೈಥಾನ್‌ನಲ್ಲಿ ಯಾವುದಾದರೂ ಒಂದು ಡ್ಯಾಟ್ ಫೈಲನ್ನು ಬೈನರಿ ರೀತಿಯಲ್ಲಿ ತೆರೆದು ಮೊದಲ 12 ಬೈಟ್‌ಗಳನ್ನು ಸಂಖ್ಯೆಗಳಾಗಿ ಪ್ರಿಂಟ್ ಮಾಡಿ. ಬೇರೆ ಬೇರೆ ತಿಂಗಳಿನಿಂದ ಐದಾರು ಫೈಲ್ ತೆಗೆದುಕೊಂಡು ಇಲ್ಲಿ ಹಾಕಿ. ಅಷ್ಟು ಬೈಟ್‌ನಿಂದ ಯಾರ ಗುಟ್ಟೂ ಹೊರಗೆ ಬರುವುದಿಲ್ಲ.

ಹಳೇಡಿಸ್ಕ್

ಅದಕ್ಕೂ ಮುಂಚೆ ಒಂದು ಮಾತು. ಹಳೆ ಲ್ಯಾಪ್‌ಟಾಪ್‌ನ ಹಾರ್ಡ್‌ಡಿಸ್ಕ್ ಮೇಲೆ ನೇರವಾಗಿ ಕೆಲಸ ಮಾಡಬೇಡಿ. ಇಡೀ ವೀಚಾಟ್ ಫೈಲ್ಸ್ ಫೋಲ್ಡರನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಆ ಕಾಪಿಯ ಮೇಲೆ ಸ್ಕ್ರಿಪ್ಟ್ ಓಡಿಸಿ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಕಾಪಿ ಕೂಡ ಮಾಡಬೇಡಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಡಿಸ್ಕ್‌ನ ಪೂರ್ತಿ ಇಮೇಜ್, ಅಂದರೆ ತದ್ರೂಪ ಪ್ರತಿ, ತೆಗೆಯಿರಿ. ಓದಲು ಬರದ ಜಾಗವನ್ನು ಅದು ಆಮೇಲಕ್ಕೆ ಬಿಟ್ಟು, ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ.

ಮೂಲ ಡ್ಯಾಟ್ ಫೈಲ್‌ಗಳನ್ನು ಫೋಟೋ ಬಂದ ಮೇಲೂ ಅಳಿಸಬೇಡಿ. ಎರಡು ವರ್ಷ ಬಿಟ್ಟು ಸ್ಕ್ರಿಪ್ಟ್‌ನಲ್ಲಿ ತಪ್ಪಿತ್ತು ಅಂತ ಗೊತ್ತಾದರೆ ವಾಪಸ್ ಹೋಗಲು ಜಾಗ ಇರಬೇಕು.

ಇಳಕಲ್_ಮಗ

ಕಾಪಿ ಆಯಿತು. ರಾತ್ರಿಯಿಡೀ ಹಿಡಿಯಿತು. ಸದ್ದೇನೂ ಇಲ್ಲ, ಆದರೆ ಮೂರ್ನಾಲ್ಕು ಫೈಲ್‌ನಲ್ಲಿ ತಡವರಿಸಿತು.

ಬೈಟ್‌ಗಳು ಇಲ್ಲಿವೆ.

2019-03ರಿಂದ: 177, 150, 177, 174, 78, 94, 4, 8, 7, 8, 78, 79
2019-08ರಿಂದ: 177, 150, 177, 174, 78, 94, 4, 8, 7, 8, 78, 79
2020-01ರಿಂದ: 199, 30, 0, 9, 67, 68, 84, 68, 78, 78, 78, 67
2020-02ರಿಂದ: 9, 7, 8, 118, 119, 47, ಆಮೇಲೆ ಏನೇನೋ

ಮೊದಲ ಎರಡು ಒಂದೇ ಥರ ಇವೆ. ನೋಡಿ ಮೈ ಜುಮ್ ಅಂದಿತು. ಹಾಳಾದ ಫೈಲ್ ಹೀಗೆ ಒಂದಕ್ಕೊಂದು ಹೊಂದಲ್ಲ ಅಲ್ವಾ?

ಬೈಟ್_ಬುತ್ತಿ

ಖಂಡಿತ ಹೊಂದಲ್ಲ. ಈಗ ಇದನ್ನು ಕೂತು ನೋಡೋಣ. ಸ್ಕ್ರಿಪ್ಟ್‌ಗಿಂತ ಇದು ಅರ್ಥವಾಗುವುದು ಮುಖ್ಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಯಾವುದೇ ಜೆಪೆಗ್ ಫೈಲ್ 255, 216, 255 ಎಂಬ ಮೂರು ಬೈಟ್‌ಗಳಿಂದ ಶುರುವಾಗುತ್ತದೆ. ಮದುವೆ ಫೋಟೋ ಆಗಲಿ, ಕಲ್ಲಿನ ಫೋಟೋ ಆಗಲಿ, ಅದು ಬದಲಾಗುವುದಿಲ್ಲ. ನಿಮ್ಮ ಫೈಲ್ 177, 150, 177 ಅಂತ ಶುರುವಾಗಿದೆ. ಒಂದನೆಯದೂ ಮೂರನೆಯದೂ ಒಂದೇ ಎಂಬುದನ್ನು ಗಮನಿಸಿ. ಪರದೆ ಹಾಕಿದ ಮೇಲೂ ಆ ಹೋಲಿಕೆ ಹೋಗಿಲ್ಲ.

ಒಂದು ಬೈಟ್ ಅಂದರೆ 0 ಅಥವಾ 1 ಆಗಿರುವ ಎಂಟು ಬಿಟ್. ಎಕ್ಸಾರ್ ಅಂದರೆ ಇಷ್ಟೆ. ಎರಡು ಬಿಟ್ ಒಂದೇ ಆಗಿದ್ದರೆ 0, ಬೇರೆ ಆಗಿದ್ದರೆ 1. 255 ಎಂದರೆ ಎಂಟೂ ಬಿಟ್ 1. 177ನ್ನು ಬಿಟ್‌ಗಳಲ್ಲಿ ಬರೆದರೆ 10110001. ಇದರಿಂದ 11111111 ಬರಬೇಕಾದರೆ ಎದುರಿಗೆ 01001110 ಇರಬೇಕು. ಅದು 78. ಪರದೆ ಹಾಕಿದ ಸಂಖ್ಯೆ, ಅಂದರೆ ನಿಮ್ಮ ಕೀ, 78.

ಎರಡನೇ ಬೈಟ್‌ನಿಂದ ಪರೀಕ್ಷೆ ಮಾಡಿ. 150 ಅಂದರೆ 10010110. 78 ಅಂದರೆ 01001110. ಎಕ್ಸಾರ್ ಮಾಡಿದರೆ 11011000, ಅಂದರೆ 216. ಬಂತು ನೋಡಿ.

ಮುಂದಿನದು ನನಗೆ ತುಂಬಾ ಇಷ್ಟವಾದ ಜಾಗ. ಸಾಮಾನ್ಯ ಜೆಪೆಗ್‌ನಲ್ಲಿ ಐದನೇ ಬೈಟ್ 0, ಆರನೆಯದು 16. ಆಮೇಲೆ ಜೆ, ಎಫ್, ಐ, ಎಫ್ ಎಂಬ ನಾಲ್ಕು ಅಕ್ಷರ, ಅದರ ನಂತರ ಮತ್ತೆ 0. ಸೊನ್ನೆಯನ್ನು ಯಾವ ಸಂಖ್ಯೆಯ ಜೊತೆ ಎಕ್ಸಾರ್ ಮಾಡಿದರೂ ಆ ಸಂಖ್ಯೆಯೇ ಬರುತ್ತದೆ. ಹಾಗಾಗಿ ನಿಮ್ಮ ಫೈಲ್‌ನ ಐದನೇ ಜಾಗದಲ್ಲೂ ಹನ್ನೊಂದನೇ ಜಾಗದಲ್ಲೂ 78 ಹಾಗೇ ಕೂತಿದೆ. ನೀವು ಕಳಿಸಿದ ಸಾಲಿನಲ್ಲೇ ಕೀ ಎರಡು ಸಲ ಬರೆದಿದೆ!

ನೀವು ಕಳಿಸಿದ ನಾಲ್ಕಕ್ಕೂ ಒಂದೇ ಕೀ. 199, 30, 0, 9 ಇದೆಯಲ್ಲ, ಅದನ್ನು 78ರ ಜೊತೆ ಮಾಡಿ. 137, 80, 78, 71 ಬರುತ್ತದೆ. ಅದು ಪಿಎನ್‌ಜಿ, ಜೆಪೆಗ್‌ನಂತೆ ಇನ್ನೊಂದು ಚಿತ್ರರೂಪ. ಪಿಎನ್‌ಜಿಯ ಮೂರನೇ ಬೈಟೇ 78, ಅಂದರೆ ಎನ್ ಅಕ್ಷರ. ಕೀ ಕೂಡ 78. ಒಂದೇ ಸಂಖ್ಯೆಗಳ ಎಕ್ಸಾರ್ ಸೊನ್ನೆ. ಅದಕ್ಕೇ ಅಲ್ಲಿ 0 ಬಂದಿದೆ. ಕೊನೆಯದು 71, 73, 70, 56. ಅದು ಗಿಫ್, ಅದೂ ಒಂದು ಚಿತ್ರರೂಪ.

ತುಂಗೆ_ಹುಡುಗಿ

ಇದನ್ನು ಓದಿ ಪೆನ್ನು ಹಿಡಿದು ಕಾಗದದ ಮೇಲೆ ಮಾಡಿ ನೋಡಿದೆ. ಇನ್ನೊಂದು ವಿಷಯ ಕಂಡಿತು. ಜೆಪೆಗ್‌ನ ಮೊದಲ ಬೈಟ್ 255 ಆದ್ದರಿಂದ ಎಕ್ಸಾರ್ ಲೆಕ್ಕವೇ ಬೇಡ. 255ರಿಂದ ಫೈಲ್‌ನ ಮೊದಲ ಬೈಟ್ ಕಳೆದರೆ ಕೀ ಸಿಗುತ್ತದೆ. 255ರಲ್ಲಿ 177 ಹೋದರೆ 78. ಇದು ಯಾವಾಗಲೂ ಸರಿಯಾ?

ಬೈಟ್_ಬುತ್ತಿ

ಯಾವಾಗಲೂ ಸರಿ. 255ರಲ್ಲಿ ಎಲ್ಲ ಬಿಟ್ 1 ಇರುವುದರಿಂದ ಕಳೆಯುವಾಗ ಎಲ್ಲೂ ದಶಕ ಎತ್ತುವ ಕೆಲಸ ಬರುವುದಿಲ್ಲ. ಹಾಗಾಗಿ ಕಳೆಯುವುದೂ ಬಿಟ್ ತಿರುಗಿಸುವುದೂ ಒಂದೇ. ಚೆನ್ನಾಗಿ ಹಿಡಿದಿರಿ.

ಇದರ ಜೊತೆ ಇನ್ನೊಂದು ಸೇರಿಸುತ್ತೇನೆ. ಕೀ ಗೊತ್ತಿಲ್ಲದೆಯೂ ಫೈಲ್ ಯಾವ ಜಾತಿಯದು ಅಂತ ಹೇಳಬಹುದು. ಮೊದಲೆರಡು ಬೈಟ್‌ಗಳನ್ನು ತಮ್ಮತಮ್ಮಲ್ಲೇ ಎಕ್ಸಾರ್ ಮಾಡಿ. ಎರಡರಲ್ಲೂ ಒಂದೇ ಕೀ ಇರುವುದರಿಂದ ಕೀ ರದ್ದಾಗಿ ಹೋಗುತ್ತದೆ. ಜೆಪೆಗ್ ಆದರೆ ಉತ್ತರ ಯಾವತ್ತೂ 39. ಪಿಎನ್‌ಜಿ ಆದರೆ 217. ಗಿಫ್ ಆದರೆ 14. ಬಿಎಂಪಿ ಆದರೆ 15. ವೆಬ್‌ಪಿ ಆದರೆ 27. 177 ಮತ್ತು 150 ಮಾಡಿ ನೋಡಿ, 39 ಬರುತ್ತದೆ.

ಆದರೆ ಎರಡೇ ಬೈಟ್ ನಂಬಬೇಡಿ. ಯಾವುದೋ ಸಂಬಂಧವಿಲ್ಲದ ಫೈಲ್ ಕೂಡ 256ರಲ್ಲಿ ಒಂದು ಸಲ ಹೀಗೆ ಹೊಂದಿಬಿಡಬಹುದು. ಮೂರನೇ, ನಾಲ್ಕನೇ ಬೈಟ್‌ಗಳನ್ನೂ ನೋಡಿ ಖಚಿತ ಮಾಡಿಕೊಳ್ಳಿ. ಬಿಎಂಪಿಗೆ ಗುರುತು ಎರಡೇ ಬೈಟ್. ಅದಕ್ಕೆ ಮುಂದಿನ ನಾಲ್ಕು ಬೈಟ್‌ನಲ್ಲಿ ಬರೆದಿರುವ ಫೈಲ್ ಗಾತ್ರವನ್ನು ನಿಜವಾದ ಗಾತ್ರದ ಜೊತೆ ಹೋಲಿಸಬೇಕು.

ಸ್ಕ್ರಿಪ್ಟ್‌ನ ಹೊಟ್ಟೆ ಹೀಗಿರಲಿ. ಕನ್ನಡದಲ್ಲೇ ಬರೆಯುತ್ತೇನೆ, ಪೈಥಾನ್‌ಗೆ ಸಾಲಿಗೆ ಸಾಲು ಇಳಿಯುತ್ತದೆ.

ಮೂಲ ಫೋಲ್ಡರ್‌ನ ಒಳಗಿನ ಪ್ರತಿ ಡ್ಯಾಟ್ ಫೈಲ್‌ಗೂ:
— ಪೂರ್ತಿ ಬೈಟ್‌ಗಳನ್ನು ಓದು. 12ಕ್ಕಿಂತ ಕಡಿಮೆ ಇದ್ದರೆ "ಚಿಕ್ಕದು" ಅಂತ ಪಟ್ಟಿಗೆ ಬರೆದು ಮುಂದೆ ಹೋಗು.
— ಗೊತ್ತಿರುವ ಪ್ರತಿ ಜಾತಿಗೂ: ಆ ಜಾತಿಯ ಮೊದಲ ಬೈಟ್ ಎಕ್ಸಾರ್ ಫೈಲ್‌ನ ಮೊದಲ ಬೈಟ್, ಅದೇ ಕೀ ಇರಬಹುದು.
— ಆ ಕೀಯಿಂದ ಉಳಿದ ಗುರುತಿನ ಬೈಟ್‌ಗಳೂ ಸರಿಯಾಗಿ ಬಂದರೆ ಜಾತಿ ಸಿಕ್ಕಿತು.
— ಸಿಕ್ಕರೆ ಎಲ್ಲ ಬೈಟ್‌ಗಳನ್ನೂ ಆ ಕೀಯಿಂದ ತಿರುಗಿಸಿ, ಸರಿಯಾದ ಹೆಸರಿನ ಕೊನೆ ಹಾಕಿ, ಬೇರೆ ಫೋಲ್ಡರ್‌ನಲ್ಲಿ ಉಳಿಸು.
— ಸಿಗದಿದ್ದರೆ ಮೊದಲ 12 ಬೈಟ್ ಸಮೇತ "ಗೊತ್ತಾಗಲಿಲ್ಲ" ಪಟ್ಟಿಗೆ ಬರೆ.
— ಪ್ರತಿ ಫೈಲ್‌ಗೂ ಸಿಕ್ಕ ಕೀಯನ್ನು ಬರೆದಿಡು.

ಕೊನೆಯ ಸಾಲನ್ನು ಬಿಡಬೇಡಿ. 78 ಅಂತ ಸ್ಕ್ರಿಪ್ಟ್‌ನಲ್ಲಿ ನೇರವಾಗಿ ಬರೆಯಲೂ ಬೇಡಿ. ಪ್ರತಿ ಫೈಲೂ ತನ್ನ ಕೀಯನ್ನು ತಾನೇ ಹೇಳಲಿ.

ಇಳಕಲ್_ಮಗ

ಮೊದಲ ಫೋಟೋ ತೆರೆಯಿತು!

ಹಸಿ ಕಲ್ಲು. ಮೂಲೆಯಲ್ಲಿ ಬಿಳಿ ಪೇಂಟ್‌ನಲ್ಲಿ ಬ್ಲಾಕ್ ನಂಬರು. ಅಪ್ಪನ ಅಕ್ಷರ. 7ರ ನಡುವೆ ಅಡ್ಡ ಗೀಟು ಹಾಕುತ್ತಿದ್ದರು. ಅದೇ ಗೀಟು. ಪಕ್ಕದಲ್ಲಿ ಅಳತೆ ಟೇಪ್ ಹಿಡಿದ ಯಾರದೋ ಕೈ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಒಂದು ತೊಂದರೆ. ಒಂದೊಂದು ಫೈಲ್‌ಗೂ ತುಂಬಾ ಹೊತ್ತು ಹಿಡಿಯುತ್ತಿದೆ. ಫಾರ್ ಲೂಪ್ ಹಾಕಿ ಒಂದೊಂದೇ ಬೈಟ್ ಎಕ್ಸಾರ್ ಮಾಡಿ ಪಟ್ಟಿಗೆ ಸೇರಿಸುತ್ತಿದ್ದೇನೆ.

ಕಾವೇರಿತೀರ

ಲೂಪ್ ತೆಗೆದುಬಿಡಿ. ಸಾಧ್ಯವಿರುವ ಬೈಟ್‌ಗಳು 256 ಮಾತ್ರ. 0ಯಿಂದ 255ರವರೆಗೆ ಪ್ರತಿಯೊಂದಕ್ಕೂ ಉತ್ತರ ಏನು ಅಂತ ಒಂದು ಕೋಷ್ಟಕವನ್ನು ಮೊದಲೇ ಮಾಡಿಟ್ಟುಕೊಳ್ಳಿ. ಆಮೇಲೆ ಪೈಥಾನ್‌ನ ಬೈಟ್ಸ್‌ಗೆ ಟ್ರಾನ್ಸ್‌ಲೇಟ್ ಅಂತ ಒಂದು ಮೆಥಡ್ ಇದೆ, ಅದಕ್ಕೆ ಈ ಕೋಷ್ಟಕ ಕೊಡಿ. ಇಡೀ ಫೈಲ್ ಒಂದೇ ಏಟಿಗೆ ತಿರುಗುತ್ತದೆ. ಒಳಗೆ ಆ ಕೆಲಸ ಸಿ ಭಾಷೆಯಲ್ಲಿ ನಡೆಯುವುದರಿಂದ ಲೂಪ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. ನಂಪೈ ಎಂಬ ಲೆಕ್ಕದ ಲೈಬ್ರರಿ ಹಾಕಿಕೊಳ್ಳುವುದೂ ಬೇಡ.

ಮೊನ್ನೆ ಆನ್‌ಲೈನ್ ಸೈಟ್ ಅಂದಿದ್ದು ನನ್ನ ತಪ್ಪು. ಬೈಟ್_ಬುತ್ತಿ ಹೇಳಿದ್ದು ಸರಿ.

ಹಳೇಡಿಸ್ಕ್

ಉಳಿಸುವಾಗ ಒಂದು ಎಚ್ಚರ. ತಿರುಗಿಸಿದ ಬೈಟ್‌ಗಳನ್ನು ಹಾಗೇ ಫೈಲ್‌ಗೆ ಬರೆಯಿರಿ. ಪಿಲ್ಲೋದಂಥ ಚಿತ್ರಗಳ ಲೈಬ್ರರಿಯಲ್ಲಿ ತೆರೆದು ಮತ್ತೆ ಜೆಪೆಗ್ ಆಗಿ ಸೇವ್ ಮಾಡಬೇಡಿ. ಹಾಗೆ ಮಾಡಿದರೆ ಚಿತ್ರವನ್ನು ಇನ್ನೊಮ್ಮೆ ಅದುಮಿದ ಹಾಗೆ. ಗ್ರಾನೈಟ್‌ನ ಕಾಳು ಕಾಳು ಮೇಲ್ಮೈಯಲ್ಲಿ ಅದು ಬೇಗ ಗೊತ್ತಾಗುತ್ತದೆ, ಕಾಳುಗಳು ಕಲೆಸಿಕೊಂಡಂತೆ ಕಾಣುತ್ತವೆ. ವೀಚಾಟ್ ಕಳಿಸುವಾಗಲೇ ಒಮ್ಮೆ ಅದುಮಿರುತ್ತದೆ. ಮತ್ತೊಮ್ಮೆ ಬೇಡ. ಪಿಲ್ಲೋ ಬೇಕಿದ್ದರೆ ಚಿತ್ರ ಸರಿಯಾಗಿ ತೆರೆಯುತ್ತದಾ ಅಂತ ಪರೀಕ್ಷಿಸಲು ಮಾತ್ರ ಬಳಸಿ.

ಪಿಎನ್‌ಜಿಯನ್ನೂ ಜೆಪೆಗ್ ಮಾಡಲು ಹೋಗಬೇಡಿ. ಅದು ಯಾವ ರೂಪದಲ್ಲಿ ಹುಟ್ಟಿತೋ ಅದೇ ರೂಪದಲ್ಲಿ ಇರಲಿ. ಎರಡೂ ಎಲ್ಲ ಕಡೆ ತೆರೆಯುತ್ತವೆ.

ತುಂಗೆ_ಹುಡುಗಿ

ನಡುವೆ ಬಂದು ನನ್ನದೊಂದು ಕೇಳಲಾ? ಇದೇ ಥರದ್ದು. ಕಾಲೇಜಿನಲ್ಲಿದ್ದಾಗ ಆರ್‌ಪಿಜಿ ಮೇಕರ್ ಎಂವಿ ಎಂಬ ಆಟ ಮಾಡುವ ತಂತ್ರಾಂಶದಲ್ಲಿ ಒಂದು ಆಟ ಮಾಡಿದ್ದೆ. ತೀರ್ಥಹಳ್ಳಿಯ ನಮ್ಮ ಮನೆ, ಅಡಿಕೆ ತೋಟ, ಹಿತ್ತಿಲು, ಎಲ್ಲ ಚಿತ್ರ ನಾನೇ ಬಿಡಿಸಿದ್ದು. ಮೂಲ ಪ್ರಾಜೆಕ್ಟ್ ಕಳೆದುಹೋಗಿದೆ. ಗೆಳತಿಗೆ ಕೊಟ್ಟಿದ್ದ ಸಿದ್ಧ ಆಟ ಮಾತ್ರ ಇದೆ. ಅದರಲ್ಲಿ ಚಿತ್ರಗಳೆಲ್ಲ ಆರ್‌ಪಿಜಿಎಂವಿಪಿ ಅನ್ನುವ ಫೈಲ್ ಆಗಿವೆ. ಆಗ ಏನು ಪಾಸ್‌ವರ್ಡ್ ಹಾಕಿದ್ದೆನೋ ನೆನಪಿಲ್ಲ.

ಬೈಟ್_ಬುತ್ತಿ

ಪಾಸ್‌ವರ್ಡ್ ನೆನಪಿರುವುದು ಬೇಕಾಗಿಲ್ಲ! ಆ ರೂಪದಲ್ಲಿ ಫೈಲ್‌ನ ಮುಂದೆ 16 ಬೈಟ್‌ಗಳ ಒಂದು ಸುಳ್ಳು ತಲೆ ಅಂಟಿಸಿರುತ್ತಾರೆ. ಆಮೇಲಿನ 16 ಬೈಟ್, ಅಂದರೆ ನಿಜವಾದ ಚಿತ್ರದ ಮೊದಲ 16 ಬೈಟ್ ಮಾತ್ರ ಕೀ ಜೊತೆ ಎಕ್ಸಾರ್ ಆಗಿರುತ್ತದೆ. ಉಳಿದದ್ದೆಲ್ಲ ಹಾಗೇ ಇರುತ್ತದೆ, ಅದನ್ನು ಮುಟ್ಟಿರುವುದಿಲ್ಲ.

ಪಿಎನ್‌ಜಿಯ ಮೊದಲ 16 ಬೈಟ್ ಎಲ್ಲ ಫೈಲ್‌ನಲ್ಲೂ ಒಂದೇ. ಮೊದಲ ಎಂಟು ಗುರುತು: 137, 80, 78, 71, 13, 10, 26, 10. ಆಮೇಲೆ 0, 0, 0, 13. ಆಮೇಲೆ ಐಎಚ್‌ಡಿಆರ್ ಎಂಬ ನಾಲ್ಕು ಅಕ್ಷರ: 73, 72, 68, 82. ಚಿತ್ರದ ಅಗಲ ಎತ್ತರ ಶುರುವಾಗುವುದೇ ಹದಿನೇಳನೇ ಬೈಟ್‌ನಿಂದ. ಹಾಗಾಗಿ ನಿಮ್ಮ ಫೈಲ್‌ನ ಮೊದಲ 32 ಬೈಟ್ ಕತ್ತರಿಸಿ, ಆ ಜಾಗಕ್ಕೆ ಈ 16 ಬೈಟ್ ಇಡಿ. ಅಷ್ಟೆ.

ಹಾಡುಗಳನ್ನೂ ಹೀಗೇ ಮುಚ್ಚಿಟ್ಟಿರುತ್ತದೆ, ಅದಕ್ಕೆ ಕೀ ಬೇಕಾಗುತ್ತದೆ. ಆಟದ ಡೇಟಾ ಫೋಲ್ಡರ್‌ನ ಸಿಸ್ಟಮ್ ಜೇಸನ್ ಫೈಲ್‌ನಲ್ಲಿ ಎನ್‌ಕ್ರಿಪ್ಶನ್‌ಕೀ ಅಂತ 32 ಅಕ್ಷರಗಳ ಸಾಲು ಇರುತ್ತದೆ. ಎರಡೆರಡು ಅಕ್ಷರಕ್ಕೆ ಒಂದು ಬೈಟ್, ಒಟ್ಟು 16. ನಿಮ್ಮದೇ ಆಟ, ನಿಮ್ಮದೇ ಚಿತ್ರ, ಧಾರಾಳವಾಗಿ ಮಾಡಿ. ಬೇರೆಯವರ ಆಟದ ಚಿತ್ರ ತೆಗೆಯಲು ಇದನ್ನು ಬಳಸಬಾರದು. ಅವರು ಬಿಡಿಸಿದ್ದು ಅವರದು.

ತುಂಗೆ_ಹುಡುಗಿ

ಬಂತು. ಬಾವಿಕಟ್ಟೆಯ ಚಿತ್ರ ಬಂತು. ತುಂಬಾ ತುಂಬಾ ಥ್ಯಾಂಕ್ಸ್.

ಸಿಂಗಾಪುರ_ಕನ್ನಡಿಗ

ನಾನು ಇಲ್ಲಿ ಈಗಲೂ ವೀಚಾಟ್ ಬಳಸುತ್ತೇನೆ, ಆಫೀಸಿನವರೆಲ್ಲ ಅದರಲ್ಲೇ. ನನ್ನ ಡ್ಯಾಟ್ ಫೈಲ್‌ಗಳಿಗೆ ಈ ಲೆಕ್ಕ ಹೊಂದುತ್ತಿಲ್ಲ. ಎಲ್ಲವೂ 7, 8, 86, 50, 8, 7 ಅಂತ ಶುರುವಾಗುತ್ತವೆ.

ಬೈಟ್_ಬುತ್ತಿ

ಅದು ಹೊಸ ನಾಲ್ಕನೇ ಆವೃತ್ತಿಯ ರೂಪ. 86, 50 ಅಂದರೆ ವಿ ಮತ್ತು 2. ಅಲ್ಲಿ ಫೈಲ್‌ನ ಮುಂಭಾಗಕ್ಕೆ ಎಇಎಸ್ ಎಂಬ ಗೂಢಲಿಪಿ ಹಾಕಿದ್ದಾರೆ. ಅದು ನಿಜವಾದ ಬೀಗ. ಬೈಟ್ ನೋಡಿ ಊಹೆ ಮಾಡಿ ತೆಗೆಯಲು ಆಗುವುದಿಲ್ಲ. ನಿಮ್ಮ ಖಾತೆ ಚಾಲ್ತಿಯಲ್ಲಿ ಇದೆಯಲ್ಲ, ಬೇಕಾದ ಫೋಟೋಗಳನ್ನು ಆ್ಯಪ್‌ನಿಂದಲೇ ಈಗಲೇ ಉಳಿಸಿಕೊಳ್ಳಿ. ಆ್ಯಪ್ ಕೈಯಲ್ಲಿರುವಾಗ ಮಾಡುವುದು ಸುಲಭ. ಇಳಕಲ್_ಮಗ ಅವರ ಕಥೆ ನೋಡಿದಿರಲ್ಲ.

ಇಳಕಲ್_ಮಗ

ಟ್ರಾನ್ಸ್‌ಲೇಟ್ ಹಾಕಿದ ಮೇಲೆ ಇಮೇಜ್ ಫೋಲ್ಡರ್ ಪೂರ್ತಿ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ಎಲ್ಲದಕ್ಕೂ ಕೀ 78.

ಈಗ ಮೂರು ಪ್ರಶ್ನೆ ಉಳಿದಿವೆ. ಒಂದು, ಕೆಲವು ಫೋಟೋ ಅರ್ಧ ಮಾತ್ರ ಬರುತ್ತವೆ. ಮೇಲೆ ಕಲ್ಲು, ಕೆಳಗೆ ಬೂದು ಬಣ್ಣ. ಎರಡು, ಎಲ್ಲ ಫೋಟೋಗಳ ತಾರೀಖೂ ಇವತ್ತಿನದಾಗಿದೆ. ಮೂರು, ಅಮ್ಮ ಕೇಳಿದ ಫೋಟೋ ಸಿಗಲಿಲ್ಲ. ಅಮ್ಮನ ಜೊತೆ ಕೂತು ಎಲ್ಲವನ್ನೂ ನೋಡಿದೆ. ಇಲ್ಲ.

ಹಳೇಡಿಸ್ಕ್

ಅರ್ಧ ಫೋಟೋ ಬಗ್ಗೆ ನಾನು ಹೇಳುತ್ತೇನೆ. ಸರಿಯಾದ ಜೆಪೆಗ್ ಸಾಮಾನ್ಯವಾಗಿ 255, 217ರಲ್ಲಿ ಮುಗಿಯುತ್ತದೆ. ನಿಮ್ಮ ಡ್ಯಾಟ್‌ನಲ್ಲಿ ಅದು 177, 151 ಆಗಿರಬೇಕು. ಹಾಗಿಲ್ಲದ ಫೈಲ್‌ಗಳ ಪಟ್ಟಿ ಮಾಡಿ.

ಆಮೇಲೆ ತಿರುಗಿಸಿದ ಫೈಲ್‌ನ ಕೊನೆಯ ಕಡೆಯ ಬೈಟ್‌ಗಳನ್ನು ನೋಡಿ. ಉದ್ದಕ್ಕೂ 78, 78, 78 ಅಂತ ಬರುತ್ತಿದೆಯಾ? ಬರುತ್ತಿದ್ದರೆ ಮೂಲದಲ್ಲಿ ಆ ಜಾಗ ಬರೀ ಸೊನ್ನೆ. ವೀಚಾಟ್ ಸೊನ್ನೆ ಬರೆದದ್ದಲ್ಲ, ಡಿಸ್ಕ್‌ನಿಂದ ಆ ಭಾಗ ಬಂದೇ ಇಲ್ಲ. ಸೊನ್ನೆಯನ್ನು 78ರ ಜೊತೆ ಎಕ್ಸಾರ್ ಮಾಡಿದ್ದಕ್ಕೆ 78 ಆಗಿದೆ. ನಿಮ್ಮ ಕಾಪಿ ತಡವರಿಸಿದ ಮೂರ್ನಾಲ್ಕು ಫೈಲ್ ಇವೇ ಇರಬೇಕು. ಈಗ ಡಿಡಿರೆಸ್ಕ್ಯೂ ಹಾಕಿ ಆ ಡಿಸ್ಕ್‌ನ ಇಮೇಜ್ ತೆಗೆಯಿರಿ. ಓದಲು ಬರದ ಜಾಗಕ್ಕೆ ಎರಡು ಮೂರು ಸಲ ಪ್ರಯತ್ನ ಮಾಡಲು ಹೇಳಿ. ಕೆಲವೊಮ್ಮೆ ಮೂರನೇ ಸಲಕ್ಕೆ ಬರುತ್ತದೆ.

ತಾರೀಖಿಗೆ: ಪೈಥಾನ್‌ನ ಶಟಿಲ್‌ನಲ್ಲಿ ಕಾಪಿಸ್ಟ್ಯಾಟ್ ಇದೆ. ಡ್ಯಾಟ್ ಫೈಲ್‌ನ ಬದಲಾದ ಸಮಯವನ್ನು ಹೊಸ ಫೈಲ್‌ಗೆ ದಾಟಿಸುತ್ತದೆ. ಆದರೆ ಅದು ಫೋಟೋ ತೆಗೆದ ದಿನ ಅಲ್ಲ, ಆ ಲ್ಯಾಪ್‌ಟಾಪ್‌ಗೆ ಫೋಟೋ ಬಂದ ದಿನ. ಅದನ್ನು ಎಕ್ಸಿಫ್‌ನಲ್ಲಿ, ಅಂದರೆ ಫೋಟೋದೊಳಗೇ ಇರುವ ವಿವರದಲ್ಲಿ, ತೆಗೆದ ದಿನ ಅಂತ ಬರೆದುಬಿಡಬೇಡಿ. ಗೊತ್ತಿಲ್ಲದ ದಿನವನ್ನು ಗೊತ್ತಿದೆ ಅಂತ ಬರೆದರೆ ಆಮೇಲೆ ಯಾರಿಗೂ ತಿದ್ದಲು ಆಗಲ್ಲ. ಫೋಲ್ಡರ್‌ನ ತಿಂಗಳನ್ನು ಫೈಲ್ ಹೆಸರಿನ ಮುಂದೆ ಸೇರಿಸಿ, ಸಾಕು.

ಕಾವೇರಿತೀರ

ಮೂರನೆಯದಕ್ಕೆ ನನ್ನದೊಂದು ಪ್ರಶ್ನೆ. ನೀವು ಓಡಿಸಿದ್ದು ಇಮೇಜ್ ಫೋಲ್ಡರ್ ಮೇಲೆ ಮಾತ್ರ ತಾನೇ? ಅದು 2019ರಿಂದ ಶುರುವಾಗುತ್ತದೆ ಅಂದಿರಿ. ಅದಕ್ಕಿಂತ ಹಳೆಯ ಫೋಟೋಗಳು? ವೀಚಾಟ್ ಮೊದಲು ಚಿತ್ರಗಳನ್ನು ಡೇಟಾ ಅನ್ನುವ ಇನ್ನೊಂದು ಫೋಲ್ಡರ್‌ನಲ್ಲಿ ಇಡುತ್ತಿತ್ತು. ಅಲ್ಲಿ ತಿಂಗಳ ವಿಂಗಡಣೆ ಇರಲಿಲ್ಲ. ಒಮ್ಮೆ ನೋಡಿ.

ಇಳಕಲ್_ಮಗ

ಇದೆ! ಆದರೆ ಈ ಲ್ಯಾಪ್‌ಟಾಪ್‌ನ ಖಾತೆಯ ಕೆಳಗಲ್ಲ. ಅಪ್ಪ ಹಳೇ ಕಂಪ್ಯೂಟರ್ ಕೊಡುವಾಗ ಅದರ ಫೈಲ್‌ಗಳನ್ನೆಲ್ಲ "ಹಳೇದು" ಅಂತ ಒಂದು ಫೋಲ್ಡರ್ ಮಾಡಿ ಇದರಲ್ಲಿ ಹಾಕಿಟ್ಟಿದ್ದಾರೆ. ಅದರೊಳಗೆ ಡೇಟಾ ಅಂತ ಇದೆ. ಮೊದಲ ಫೈಲ್‌ನ ಬೈಟ್: 236, 203, 236, 243.

78ರಿಂದ ಮಾಡಿದರೆ ಏನೂ ಬರಲ್ಲ.

ತುಂಗೆ_ಹುಡುಗಿ

236 ಮತ್ತು 203ರ ಎಕ್ಸಾರ್ 39. ಜೆಪೆಗ್! ಕೀ 255ರಲ್ಲಿ 236 ಹೋದರೆ 19.

ಬೈಟ್_ಬುತ್ತಿ

ಹೌದು, ಕೀ ಎಲ್ಲ ಕಡೆ ಒಂದೇ ಇರುವುದಿಲ್ಲ. ಹಳೇ ಕಂಪ್ಯೂಟರ್‌ನಲ್ಲಿ 19 ಇತ್ತು, ಇದರಲ್ಲಿ 78. ನಿಮ್ಮ ಸ್ಕ್ರಿಪ್ಟ್ ಪ್ರತಿ ಫೈಲ್‌ನಿಂದಲೇ ಕೀ ಹುಡುಕುವ ಹಾಗೆ ಬರೆದಿದ್ದರೆ ಏನೂ ಬದಲಿಸುವುದು ಬೇಡ. ಆ ಫೋಲ್ಡರ್ ಕಡೆ ತಿರುಗಿಸಿ ಓಡಿಸಿ.

ಒಂದೇ ಫೋಟೋ ಎರಡೂ ಕಡೆ ಇರಬಹುದು. ಕೀ ಬೇರೆ ಆದ್ದರಿಂದ ಡ್ಯಾಟ್ ಫೈಲ್‌ಗಳನ್ನು ಹೋಲಿಸಿದರೆ ಬೇರೆ ಬೇರೆ ಅನ್ನಿಸುತ್ತವೆ. ತಿರುಗಿಸಿದ ಮೇಲೆ ಶಾ-256 ಹ್ಯಾಶ್, ಅಂದರೆ ಫೈಲ್‌ನ ಬೆರಳಚ್ಚಿನಂಥ ಗುರುತು, ತೆಗೆದು ಹೋಲಿಸಿ. ಹ್ಯಾಶ್ ಒಂದೇ ಇದ್ದರೆ ಒಂದನ್ನು ಮಾತ್ರ ಇಟ್ಟುಕೊಳ್ಳಿ, ಎರಡೂ ಜಾಗದ ಹೆಸರನ್ನು ಪಟ್ಟಿಯಲ್ಲಿ ಬರೆದಿಡಿ. ಥಂಬ್ ಫೋಲ್ಡರ್‌ನ ಪುಟ್ಟ ಚಿತ್ರಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಬೇರೆ ಇಡಿ. ದೊಡ್ಡ ಫೋಟೋ ಸಿಗದೇ ಇದ್ದಾಗ ಆ ಪುಟ್ಟದೇ ಉಳಿದ ಒಂದು ಪ್ರತಿ ಆಗಿರುತ್ತದೆ.

ಇಳಕಲ್_ಮಗ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಡಿಡಿರೆಸ್ಕ್ಯೂ ಓಡಿಸಿದೆ. ಅರ್ಧ ಬಂದಿದ್ದ ನಾಲ್ಕು ಫೋಟೋದಲ್ಲಿ ಮೂರು ಪೂರ್ತಿ ಬಂದವು. ಒಂದು ಹಾಗೇ ಇದೆ. ಅದರಲ್ಲಿ ಸೊನ್ನೆಗಳಿರುವ ಜಾಗ ಎಲ್ಲಿಂದ ಎಲ್ಲಿವರೆಗೆ ಅಂತ ಬರೆದಿಟ್ಟಿದ್ದೇನೆ.

ಡೇಟಾ ಫೋಲ್ಡರ್ ಪೂರ್ತಿ 19ರಿಂದ ತೆರೆಯಿತು. ಸ್ಕ್ರಿಪ್ಟ್‌ನಲ್ಲಿ ಒಂದು ಸಾಲೂ ಬದಲಿಸಲಿಲ್ಲ.

ಅಮ್ಮ ಹೇಳಿದ ಫೋಟೋ ಅಲ್ಲಿತ್ತು. ಅಪ್ಪ ಬ್ಲಾಕ್ ಮೇಲೆ ನಿಂತಿದ್ದಾರೆ. ಪ್ಯಾಂಟ್ ಮಂಡಿವರೆಗೆ ಮಡಚಿದ್ದಾರೆ, ಕೈಯಲ್ಲಿ ಪೇಂಟ್ ಡಬ್ಬಿ. ಕಲ್ಲು ಒದ್ದೆ. ಬಲಗಡೆ ಅಂಚಿನಲ್ಲಿ ಒಂದು ಕೊಡ, ಅದನ್ನು ಹಿಡಿದ ಕೈ, ಹಸಿರು ಬಳೆ, ಇಳಕಲ್ ಸೀರೆಯ ಸೆರಗಿನ ತುದಿ. ಮುಖ ಫೋಟೋದಲ್ಲಿ ಇಲ್ಲ, ಅಲ್ಲಿಗೇ ಕತ್ತರಿಸಿದೆ.

ನಾನು ಇಷ್ಟು ದಿನ ಅಮ್ಮ ಕೇಳುತ್ತಿದ್ದದ್ದು ಅಪ್ಪನ ಫೋಟೋ ಅಂದುಕೊಂಡಿದ್ದೆ. ಅಮ್ಮ ಸ್ಕ್ರೀನ್ ಹತ್ತಿರ ಬಂದು ಆ ಬಳೆ ಮೇಲೆ ಬೆರಳಿಟ್ಟರು. "ಅವತ್ತು ಹುಡುಗ ಬಂದಿರಲಿಲ್ಲ, ನೀರು ನಾನೇ ಸುರಿದಿದ್ದು" ಅಂದರು.

ನಾಳೆ ಬಾಗಲಕೋಟೆಗೆ ಹೋಗಿ ಪ್ರಿಂಟ್ ಹಾಕಿಸಿಕೊಂಡು ಬರುತ್ತೇನೆ. ಅಂಚು ಕತ್ತರಿಸಬೇಡಿ ಅಂತ ಅಂಗಡಿಯವರಿಗೆ ಹೇಳಬೇಕು.